ಹಳೆಯ ಸಚಿತ್ರ ಗ್ರಂಥಕ್ಕೆ ಹೊಸ ರಟ್ಟು

ನಮ್ಮಲ್ಲಿ ಅನೇಕರ ದೇವರ ಮನೆಯಲ್ಲೋ ಗ್ಯಾರೇಜಿನ ಪೆಟ್ಟಿಗೆಯಲ್ಲೋ ಊರಿನಿಂದ ತಂದ ಹಳೆಯ ಪುಸ್ತಕವೊಂದು ಇದ್ದೇ ಇರುತ್ತದೆ. ತಾತನವರು ಪಾರಾಯಣ ಮಾಡುತ್ತಿದ್ದ ರಾಮಾಯಣವೋ, ಬಣ್ಣದ ಚಿತ್ರಗಳುಳ್ಳ ಭಾಗವತವೋ, ಅಜ್ಜಿಯ ವ್ರತಕಥೆಗಳೋ. ಬೆನ್ನು ಬಿರಿದು, ರಟ್ಟು ಕಳಚಿ, ಚಿತ್ರದ ಹಾಳೆಗಳು ಸಡಿಲವಾಗಿರುತ್ತವೆ. ಚೆನ್ನಾಗಿ ಬೈಂಡ್ ಮಾಡಿಸಿಬಿಡೋಣ ಎನಿಸುವುದು ಸಹಜ. ಆದರೆ ಗೆದ್ದಲಿನಿಂದ ಉಳಿದ ಪುಸ್ತಕವೂ ಆತುರದ ಬೈಂಡಿಂಗಿನಿಂದ ಹಾಳಾಗಬಹುದು. ಆದ್ದರಿಂದ ಈ ಬಾರಿಯ ಪಾಠದಲ್ಲಿ ಕೈಬೈಂಡಿಂಗ್ ಕಲೆಯ ಬಗ್ಗೆ ತಿಳಿಯೋಣ.

ಗ್ರಂಥ ಕಟ್ಟುವುದು ನಮಗೆ ಹೊಸದಲ್ಲ. ಓಲೆಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಪದರ ಪದರವಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ 'ಕಡತ'. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಇಂದು ಕಚೇರಿಯ ಫೈಲಿಗೆ ನಾವು ಹೇಳುವ ಕಡತ ಎಂಬ ಮಾತು ಬಂದದ್ದು ಅಲ್ಲಿಂದಲೇ. ಮುದ್ರಣ ಬಂದ ಮೇಲೆ ಹೊಲಿದ ಪುಸ್ತಕಗಳು ಮನೆಮನೆಗೆ ಬಂದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದ್ದು 1841ರಲ್ಲಿ.

ಹಳೆಯ ಸಚಿತ್ರ ಗ್ರಂಥದ ಬೆಲೆ ಎಷ್ಟೆಂಬುದಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯೇ ಸಾಕ್ಷಿ. ಒಂಬತ್ತು ನಿಧಿಗಳ ಈ ಗ್ರಂಥದಲ್ಲಿ ದೇವತಾಮೂರ್ತಿಗಳ ವರ್ಣಚಿತ್ರಗಳ ಜೊತೆಗೆ 122 ಯೋಗಾಸನಗಳ ಚಿತ್ರಗಳೂ ಇವೆ. ಆ ಆಸನಗಳ ಚಿತ್ರಗಳು 1996ರಲ್ಲಿ ಪ್ರಕಟವಾದಾಗ ಯೋಗದ ಇತಿಹಾಸವನ್ನು ಓದುವವರಿಗೆ ಹೊಸ ಆಧಾರ ಸಿಕ್ಕಿತು. ಹಾಳೆಗಳು ಚಿತ್ರಸಹಿತ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಈಗ ಕೆಲಸದ ವಿಚಾರ. ಕೈಬೈಂಡಿಂಗಿನಲ್ಲಿ ಮಡಿಚಿದ ಹಾಳೆಗಳ ಒಂದೊಂದು ಕಟ್ಟನ್ನೂ, ಅಂದರೆ ಫಾರಮನ್ನೂ, ಮಡಿಕೆಯ ನಡುವೆ ಸೂಜಿ ಹಾಯಿಸಿ ನಾರಿನ ದಾರದಿಂದ ಹೊಲಿಯುತ್ತಾರೆ. ಹರಿದ ಮಡಿಕೆಗಳಿಗೆ ಮೊದಲು ತೆಳುವಾದ ಜಪಾನಿ ಕಾಗದದ ತೇಪೆ ಹಾಕುತ್ತಾರೆ. ಬಳಿಕ ಬೆನ್ನಿಗೆ ಬಟ್ಟೆ, ಎರಡು ಕಡೆ ರಟ್ಟು, ಕೊನೆಗೆ ಹೊದಿಕೆ. ಹೀಗೆ ಹೊಲಿದ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರವೂ ಇಡಿಯಾಗಿ ಕಾಣುತ್ತದೆ. ಅಗ್ಗದ ಬೈಂಡಿಂಗಿನಲ್ಲಿ ಬೆನ್ನನ್ನೇ ಕತ್ತರಿಸಿ ಅಂಟು ಬಳಿಯುವುದುಂಟು. ಉಳಿದ ಮೂರು ಅಂಚುಗಳನ್ನೂ ಯಂತ್ರದಲ್ಲಿ ಸವರಿದರೆ ಚಿತ್ರದ ಅಂಚು, ತಾತನವರ ಟಿಪ್ಪಣಿ, ಮೊದಲ ಪುಟದಲ್ಲಿ ಬರೆದ ಮಕ್ಕಳ ಜನ್ಮದಿನಗಳು ಎಲ್ಲವೂ ಕಸದ ಬುಟ್ಟಿಗೆ! ಹೋದ ಮೇಲೆ ಅವು ಮತ್ತೆ ಬಾರವು.

ನಮ್ಮ ಕುಟುಂಬಗಳು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅತ್ಯುತ್ತಮ ಬೈಂಡಿಂಗ್ ಎಂದರೆ ಕರು ಅಥವಾ ಮೇಕೆಯ ಚರ್ಮದ ಹೊದಿಕೆ. ಸಾಂಪ್ರದಾಯಿಕ ಸರೇಸು ಪ್ರಾಣಿಜನ್ಯ. ಚಿನ್ನದ ಅಕ್ಷರ ಹಿಡಿಸಲು ಮೊಟ್ಟೆಯ ಬಿಳಿಭಾಗ ಬಳಸುವುದುಂಟು. ಮಡಿಕೆ ಒತ್ತುವ ಉಪಕರಣವೂ ಸಾಮಾನ್ಯವಾಗಿ ಮೂಳೆಯದೇ. ಅವರ ಕಲೆಯಲ್ಲಿ ಅದು ತಪ್ಪಲ್ಲ. ಆದರೆ ಪೂಜೆಗೆ ಇಡುವ ಗ್ರಂಥಕ್ಕೆ ಇವು ಬೇಡವೆಂದಾದರೆ ಮೊದಲೇ ಹೇಳಬೇಕು. ಹತ್ತಿ ಅಥವಾ ರೇಷ್ಮೆ ಬಟ್ಟೆಯ ಹೊದಿಕೆ, ಗೋಧಿ ಪಿಷ್ಟದ ಅಂಟು, ಟೆಫ್ಲಾನ್ ಉಪಕರಣ ಎಲ್ಲವೂ ಲಭ್ಯ. ಗೋಧಿಯ ಅಂಟಿಗೆ ಇನ್ನೊಂದು ಗುಣವಿದೆ: ನೀರಿನ ಪಸೆ ತಾಗಿಸಿ ಅದನ್ನು ಮತ್ತೆ ಬಿಡಿಸಬಹುದು. ಮುಂದಿನವರು ಬಿಚ್ಚಿ ಸರಿಪಡಿಸಲು ಬರುವಂಥದ್ದೇ ಒಳ್ಳೆಯ ಬೈಂಡಿಂಗ್.

ಎಲ್ಲ ಪುಸ್ತಕಕ್ಕೂ ಬೈಂಡಿಂಗ್ ಹಿತವಲ್ಲ. ಮರದ ತಿರುಳಿನಿಂದ ಮಾಡಿದ ಹಳೆಯ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗಿ ಹಪ್ಪಳದಂತಾಗುತ್ತದೆ. ಪುಟ ತಿರುವಿದರೆ ಮೂಲೆ ಮುರಿಯುವಂತಿದ್ದರೆ ಅದು ಸೂಜಿಯನ್ನು ತಾಳದು. ಅಂಥದ್ದಕ್ಕೆ ಅಳತೆಗೆ ತಕ್ಕ ಆಮ್ಲರಹಿತ ಪೆಟ್ಟಿಗೆಯೇ ಸರಿ.

ಈ ವಿದ್ಯೆ ಕಲಿಯಲು ನಾವಿರುವ ಸ್ಥಳ ಅನುಕೂಲವಾಗಿದೆ. 'ಹ್ಯಾಂಡ್ ಬುಕ್‌ಬೈಂಡರ್ಸ್ ಆಫ್ ಕ್ಯಾಲಿಫೋರ್ನಿಯಾ' ಎಂಬ ಕುಶಲಕರ್ಮಿಗಳ ಸಂಘ 1972ರಲ್ಲೂ, ಬೈಂಡಿಂಗ್ ತರಗತಿಗಳಿಗೆ ಹೆಸರಾದ 'ಸ್ಯಾನ್ ಫ್ರಾನ್ಸಿಸ್ಕೋ ಸೆಂಟರ್ ಫಾರ್ ದಿ ಬುಕ್' 1996ರಲ್ಲೂ ಇಲ್ಲಿ ಹುಟ್ಟಿದವು. ಕಲಿಯುವ ಆಸೆಯಿದ್ದರೆ ಮೊದಲು ಖಾಲಿ ಹಾಳೆಗಳ ಪುಸ್ತಕ ಹೊಲಿದು ಕೈ ಪಳಗಿಸಿಕೊಳ್ಳಿ. ಮನೆತನದ ಗ್ರಂಥವನ್ನು ಅನುಭವಿಗಳ ಕೈಗೇ ಕೊಡಿ.

ಕೊಡುವ ಮುನ್ನ ಇಷ್ಟು ಮಾಡಿ:

1. ಪ್ರತಿ ಪುಟದ ಫೋಟೋ ತೆಗೆದಿಡಿ.
2. ಅಂಚು ಕತ್ತರಿಸಬಾರದು, ಹಳೆಯ ರಟ್ಟು ಮತ್ತು ಕೈಬರಹದ ಹಾಳೆಗಳನ್ನು ಹಿಂದಿರುಗಿಸಬೇಕು ಎಂದು ಬರೆದುಕೊಡಿ.
3. ಯಾವ ಅಂಟು, ಯಾವ ಹೊದಿಕೆ ಎಂದು ಕೇಳಿ.
4. ಸೆಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ.
5. ಬಿಸಿ ಏರಿಳಿಯುವ ಗ್ಯಾರೇಜಿನಿಂದ ಪುಸ್ತಕವನ್ನು ಮನೆಯೊಳಗೆ ತನ್ನಿ.

ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಡುವಾಗ ಹಳೆಯ ಗ್ರಂಥದ ಮೇಲೆ ಶುಭ್ರವಾದ ಬಟ್ಟೆ ಹೊದಿಸಿ, ಅರಿಶಿನ ಕುಂಕುಮ ಅಕ್ಷತೆಗಳನ್ನು ಆ ಬಟ್ಟೆಯ ಮೇಲೆ ಏರಿಸೋಣ. ಮರುದಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ತೊಳೆದು, ಒಂದೊಂದೇ ಚಿತ್ರ ತೋರಿಸಿ ಕಥೆ ಹೇಳೋಣ. ಕನ್ನಡ ಓದಲು ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಆ ಚಿತ್ರಗಳೇ ಮೊದಲ ಪಾಠ.