ಕತ್ತರಿ ಕೆಳಗಿಡು

ಪುಟ್ಟೀ, ಮೊದಲು ಆ ಕತ್ತರಿ ಕೆಳಗಿಡು. ಚೆನ್ನಾಗಿ ಬಂದಿರೋ ಫ್ರೇಮು ಮಾತ್ರ ಸ್ಕ್ಯಾನ್ ಮಾಡಿ ಮಿಕ್ಕಿದ್ದು ಎಸೀತೀನಿ ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಅದಕ್ಕೇ ಬರೀತಿದ್ದೀನಿ. ಬಿಸ್ಕತ್ ಡಬ್ಬದಲ್ಲಿರೋ ನೆಗೆಟಿವ್ ಪಟ್ಟಿಗಳು ಸ್ಟುಡಿಯೋದವರು ಕತ್ತರಿಸಿಕೊಟ್ಟ ಹಾಗೇ ಇರಲಿ.

ಆಗ ಪ್ರಿಂಟ್ ಹಾಕಿಸೋಕೆ ಎಲ್ಲರೂ ಕೈ ಬಿಗಿ ಹಿಡೀತಿದ್ದೆವು. ನಿಮ್ಮಜ್ಜಿ ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿದ್ದು, ತಲೆ ಕತ್ತರಿಸಿ ಹೋದದ್ದು ಎಲ್ಲ ಬೇಡ ಅಂತ ಪಕ್ಕಕ್ಕಿಡುತ್ತಿದ್ದಳು. ಆಲ್ಬಮ್ಮಿನಲ್ಲಿ ನಾವೆಲ್ಲ ಕೈಕಟ್ಟಿ ಸೆಟೆದು ನಿಂತಿರೋದೇ ಅದಕ್ಕೆ. ಬಾಕಿ ಸಂಸಾರ ಡಬ್ಬದಲ್ಲಿದೆ.

ನಿನಗೆ ಕೊಡೋಕೆ ಮುಂಚೆ ಒಂದು ಪಟ್ಟಿ ನೋಡಿದೆ. ಅಂಚಿನಲ್ಲಿ 13ರಿಂದ 18ರ ತನಕ ಅಂಕಿ. 13ರಲ್ಲಿ ನಮ್ಮ ಮನೆ ತಾರಸಿಗೆ ಹಾಕಿದ ಸೆಂಟ್ರಿಂಗ್ ಕಂಬಗಳು. 17ರಲ್ಲಿ ನಿನ್ನ ಚಿಕ್ಕಪ್ಪನ ಮದುವೆ ಚಪ್ಪರ. ತಾರಸಿ ಮೊದಲೋ ಮದುವೆ ಮೊದಲೋ ಅಂತ ನಾನೂ ಅಜ್ಜಿಯೂ ಇಪ್ಪತ್ತು ವರ್ಷ ಜಗಳ ಆಡಿದ್ದೇವೆ. ಗೆದ್ದದ್ದು ಅವಳು. ತಾರೀಖು ಮಾತ್ರ ಇದರಿಂದ ಸಿಗೋಲ್ಲ, ಒಂದು ರೀಲು ಮುಗಿಯೋಕೆ ಯುಗಾದಿಯಿಂದ ದೀಪಾವಳಿ ಆಗ್ತಿದ್ದ ಕಾಲ ಅದು. ಆದರೆ ಯಾವುದರ ಹಿಂದೆ ಯಾವುದು ಅನ್ನೋದನ್ನ ಪಟ್ಟಿ ತಪ್ಪು ಹೇಳೋಲ್ಲ. ಬಿಡಿ ಬಿಡಿಯಾಗಿ ಕತ್ತರಿಸಿದರೆ ಅದೂ ಹೋಯ್ತು. ಫೈಲಿಗೂ ಪಟ್ಟಿ ನಂಬರು, ಫ್ರೇಮ್ ನಂಬರೇ ಹೆಸರಿಡು. ‘ಅಜ್ಜಿ ಸೂಪರ್’ ಅಂತ ಇಡಬೇಡ.

ಕೆಲಸದ ಮಾತು ಸ್ವಲ್ಪ. ಅಂಚು ಮಾತ್ರ ಹಿಡಿ. ಮಂಕಾಗಿ ಕಾಣೋ ಬದಿಯಲ್ಲೇ ಚಿತ್ರ ಇರೋದು, ಅಲ್ಲಿ ಬೆರಳು ತಾಗಿದರೆ ಗುರುತು ಉಳಿಯುತ್ತೆ. ಧೂಳಿಗೆ ರಬ್ಬರ್ ಬ್ಲೋಯರ್ ತಗೋ. ಬಾಯಲ್ಲಿ ಊದಬೇಡ, ಎಂಜಲು ಹಾರುತ್ತೆ. ವಿನಿಗರ್ ವಾಸನೆ ಬರೋ ಪಟ್ಟಿ ಇದ್ದರೆ ಬೇರೆ ಎತ್ತಿಡು, ಅದರ ಹುಳಿ ಆವಿ ಪಕ್ಕದವನ್ನೂ ಕೆಡಿಸುತ್ತೆ. ಟ್ಯಾಬ್ಲೆಟ್ಟಿನ ಬಿಳಿ ಪರದೆ ಮೇಲಿಟ್ಟು ಫೋಟೋ ತೆಗೆಯೋದಾದರೆ ನೆಗೆಟಿವ್ ಒಂದೆರಡು ಇಂಚು ಮೇಲಿರಲಿ, ಇಲ್ಲದಿದ್ದರೆ ಪರದೆಯ ಚುಕ್ಕೆಗಳೂ ಬರುತ್ತವೆ. ಸ್ಕ್ಯಾನರ್ ಆದರೆ 2400 ಡಿಪಿಐ ಸಾಕು. 36 ಮಿಲಿಮೀಟರಿನ ಫ್ರೇಮಿಗೆ ಉದ್ದಕ್ಕೆ ಸುಮಾರು 3400 ಪಿಕ್ಸೆಲ್ ಸಿಗುತ್ತೆ. ಕಲರ್ ನೆಗೆಟಿವಿನ ಕಿತ್ತಳೆ ಬಣ್ಣ ನೋಡಿ ಹಾಳಾಗಿದೆ ಅಂದುಕೊಳ್ಳಬೇಡ, ಅದು ಹುಟ್ಟಿನಿಂದಲೇ ಹಾಗೆ. ಕಪ್ಪು-ಬಿಳುಪಿನವಕ್ಕೆ ಸ್ಕ್ಯಾನರಿನ ಇನ್‌ಫ್ರಾರೆಡ್ ಧೂಳು ಅಳಿಸೋ ಸವಲತ್ತು ಬಂದ್ ಮಾಡು. ಆ ನೆಗೆಟಿವಿನಲ್ಲಿರೋದು ಬೆಳ್ಳಿ, ಇನ್‌ಫ್ರಾರೆಡ್ಡನ್ನ ಬಿಡೋಲ್ಲ, ಯಂತ್ರ ಮುಖವನ್ನೇ ಧೂಳು ಅಂದುಕೊಳ್ಳುತ್ತೆ! ಡಬ್ಬದ ತಳದಲ್ಲಿ ಆರು ಸೆಂಟಿಮೀಟರಿನ ಚೌಕದವೂ ಇವೆ. ಅವು ನನ್ನ ಅಗ್ಫಾ ಕ್ಲಿಕ್ ಥ್ರೀಯವು, ರೀಲಿಗೆ ಹನ್ನೆರಡೇ. ಅವನ್ನು ನಾನಿದ್ದಾಗ ಮಾಡೋಣ.

16ನೇ ಫ್ರೇಮಿನ ವಿಷಯ ಹೇಳಲಿಲ್ಲ. ಬಟನ್ ತಾನಾಗೇ ಒತ್ತಿ ಹೋಗಿ ಬಂದದ್ದು. ಹೊಸಕೆರೆ ಏರಿ ಓರೆಯಾಗಿ ಬಿದ್ದಿದೆ, ಆಚೆಗೆ ಒಂದೂ ಮನೆಯಿಲ್ಲ. ಎಡಗಡೆ ನಿಮ್ಮಜ್ಜಿಯ ಅರ್ಧ ಬೆನ್ನು, ಜಡೆಗೆ ಕನಕಾಂಬರ. ಬಲಗಡೆ ಯಾರದೋ ಸೈಕಲ್ಲಿನ ಹಿಂಚಕ್ರ. ನಮಗೆ ಸೈಕಲ್ ಇರಲಿಲ್ಲ. ನಾನು ಕೇಳಿದರೆ ನಕ್ಕು ಒಳಗೆ ಹೋಗ್ತಾಳೆ. ಭಾನುವಾರ ಬಂದಾಗ ನೀನೇ ಕೇಳು.