ಅಪ್ಪನದು ಅರಳುಮರಳಲ್ಲ

ಅವ್ವ ಹೋದ ಮೇಲೆ ಅಪ್ಪನಿಗೆ ಅರಳುಮರಳು ಅಂತ ಸುಳ್ಳದಲ್ಲಿ ನಮ್ಮ ಓಣಿಯೇ ತೀರ್ಮಾನಿಸಿತ್ತು. ಹುಬ್ಬಳ್ಳಿಯ ವೈದ್ಯರೊಬ್ಬರು ವಯಸ್ಸು ಕೇಳಿ ಚೀಟಿಯಲ್ಲಿ ‘ಡಿಮೆನ್ಷಿಯಾ’ ಎಂದು ಬರೆದುಬಿಟ್ಟರು. ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರು ತೀರಿಕೊಂಡರು, ಒಂದನ್ನೂ ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಚೀಟಿಯ ಸುದ್ದಿ ಕೇಳಿಯೇ ಕಾಕಾ ಬಂದದ್ದು. ಪಡಸಾಲೆಯಲ್ಲಿ ಹಿರಿಯರನ್ನು ಕೂರಿಸಿ, ಹೊಲದ ಕಾಗದ ಬಿಚ್ಚಿದ.

“ಅಣ್ಣಾ, ಈಗ ಯಾವ ತಿಂಗಳ ಹೇಳು?”

“ಗೊತ್ತಿಲ್ಲ.”

“ಹೆಸರು ಬಿತ್ತೂದು ಯಾವಾಗ?”

ಜೀವಮಾನವೆಲ್ಲ ಎರಿಹೊಲ ಮಾಡಿದ ಅಪ್ಪ ತಲೆ ಎತ್ತದೆ, “ಗೊತ್ತಿಲ್ಲಪಾ, ನನ್ನ ತಲೀನ ಹೋಗೇತಿ” ಅಂದ.

“ನೋಡ್ರಿ, ಎಲ್ಲಾ ಮರತಾನ. ಸಹಿ ಮಾಡಿಸಿಬಿಡೂಣು.”

ಎಲ್ಲಾ ಮರೆತವರ ಸಹಿ ಹೆಂಗ ನಡೀತೈತಿ ಅಂತ ಕೇಳಿದೆ. “ಹೆಣ್ಣಮಗಳು ನಡುವ ಬರಬ್ಯಾಡ” ಎಂದು ಗದರಿದ. ಅಷ್ಟರಲ್ಲಿ ಅಪ್ಪನೇ ಪೆನ್ನಿಗೆ ಕೈಚಾಚಿ, “ಮಾಡತೇನಿ ಬಿಡವಾ. ನಾ ಇದ್ದರ ಏನ ಮಾಡೂದೈತಿ?” ಅಂದ. ಎದೆ ಧಸಕ್ಕೆಂದಿತು. ಕಾಗದ ಕಿತ್ತುಕೊಂಡು ಒಳಗಿಟ್ಟು ಬೀಗ ಹಾಕಿದೆ. ಹೊಲ ಇವತ್ತಿಗೂ ಅಪ್ಪನ ಹೆಸರಿನಲ್ಲೇ ಇದೆ.

ಮರುದಿನ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆವು. ವೈದ್ಯರು ಅಪ್ಪನನ್ನು ಬೇರೆ, ನನ್ನನ್ನು ಬೇರೆ ಕೂರಿಸಿ ಕೇಳಿದರು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುವುದರಿಂದ ರಕ್ತ ಪರೀಕ್ಷೆ ಮಾಡಿಸಿದರು. ಅಪ್ಪನದು ಖಿನ್ನತೆ. ಡಿಮೆನ್ಷಿಯಾ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಅಪ್ಪನಿಗೆ ಅವ್ವ ಹೋದ ಕೆಲವೇ ವಾರಗಳಲ್ಲಿ ಹೀಗಾಗಿತ್ತು. ಡಿಮೆನ್ಷಿಯಾ ಇದ್ದವರು ಮರೆವನ್ನು ಮುಚ್ಚಿಟ್ಟು ಏನೋ ಒಂದು ಉತ್ತರ ಹೇಳುವುದು ಹೆಚ್ಚು. ಖಿನ್ನತೆಯವರು “ಗೊತ್ತಿಲ್ಲ” ಎಂದು ಕೈಚೆಲ್ಲುತ್ತಾರೆ, ಮರೆವಿನ ದೂರನ್ನು ತಾವೇ ಹೇಳುತ್ತಾರೆ. ಸುಳಿವು ಕೊಟ್ಟರೆ ಅಪ್ಪನಿಗೆ ನೆನಪಾಗುತ್ತಿತ್ತು. ನಸುಕಿಗೆ ಮುಂಚೆಯೇ ಎಚ್ಚರ, ಊಟ ಬೇಡ. ಲೆಸ್ಲಿ ಕಿಲೋ ಎಂಬ ಮನೋವೈದ್ಯರು ಇಂಥ ಹುಸಿ ಡಿಮೆನ್ಷಿಯಾದ ಬಗ್ಗೆ 1961ರಲ್ಲೇ ಬರೆದಿದ್ದಾರೆ. ಅಷ್ಟು ಹಳೆಯ ತಿಳಿವಳಿಕೆ ಆ ಚೀಟಿ ಬರೆದವರಿಗೆ ಇರಬೇಡವೇ?

ಖಿನ್ನತೆಗೆ ಕೊಟ್ಟ ಮಾತ್ರೆಯ ಗುಣ ಕಾಣಲು ನಾಲ್ಕಾರು ವಾರ ಬೇಕು. ನಡುವೆ ಬಿಡಿಸಲು ಕಾಕಾ ನೋಡಿದ, ನಾನು ಬಿಡಲಿಲ್ಲ. ಒಂದು ಮುಂಜಾನೆ ಅಪ್ಪ ತಾನಾಗಿ ಅಮರಗೋಳ ಎಪಿಎಂಸಿಯಲ್ಲಿ ಹೆಸರಿನ ದರ ಎಷ್ಟಾಯಿತು ಎಂದು ಕೇಳಿದ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಿಮ್ಮ ಮನೆಯ ಹಿರಿಯರಿಗೂ ಹೀಗಾದರೆ, ಮರೆವು ಯಾವಾಗ ಶುರುವಾಯಿತು ಎಂಬುದನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಯ್ಯಿರಿ. ನಿದ್ದೆಯ, ಅಲರ್ಜಿಯ ಕೆಲವು ಮಾತ್ರೆಗಳೂ ನೆನಪು ಮಂಕಾಗಿಸುತ್ತವೆ. “ಇದ್ದೇನು ಮಾಡಲಿ” ಎಂಬ ಮಾತು ಬಂದರೆ ಕಾಯಬೇಡಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಖಿನ್ನತೆ, ಡಿಮೆನ್ಷಿಯಾ ಎರಡೂ ಒಬ್ಬರಲ್ಲೇ ಇರಬಹುದು, ಒಂದರ ಬೆನ್ನಿಗೆ ಇನ್ನೊಂದೂ ಬರಬಹುದು. ಅದಕ್ಕೇ ಅಪ್ಪನ ಮನಸ್ಸು ತಿಳಿಯಾದ ಮೇಲೂ ನೆನಪಿನ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿದ್ದೇನೆ.