ಯಾರ್ಡಿನ ಶಬ್ದಗಳು, ಅವುಗಳ ಅರ್ಥ



ನಿಮ್ಮ ಕಬ್ಬು ಕಾಟಾ ದಾಟಿ ಯಾರ್ಡಿಗೆ ಬಂದ ಮೇಲೆ ಹಲವು ಶಬ್ದಗಳು ಕಿವಿಗೆ ಬೀಳುತ್ತವೆ. ಕೆಲವು ಇಂಗ್ಲಿಷು, ಕೆಲವು ಮರಾಠಿ, ಕೆಲವು ನಮ್ಮ ಕನ್ನಡ. ಇವುಗಳ ಅರ್ಥ ಸರಿಯಾಗಿ ತಿಳಿಯದಿದ್ದರೆ ಒಮ್ಮೆ ತೂಕದಲ್ಲಿ ನಷ್ಟ, ಇನ್ನೊಮ್ಮೆ ಜೀವಕ್ಕೇ ಅಪಾಯ.

ಕ್ರೇನ್: ಭಾರವನ್ನು ಎತ್ತಿ, ಸರಿಸಿ, ಇಳಿಸುವ ಯಂತ್ರ. ಉದ್ದ ಕುತ್ತಿಗೆಯ ಕ್ರೌಂಚ ಪಕ್ಷಿಗೆ ಇಂಗ್ಲಿಷಿನಲ್ಲಿ ಕ್ರೇನ್ ಎಂದು ಹೆಸರು. ಹೋಲಿಕೆಯಿಂದ ಯಂತ್ರಕ್ಕೂ ಅದೇ ಹೆಸರಾಯಿತು. ಮರಾಠಿಯಲ್ಲಿ ಇದಕ್ಕೆ ಯಾರಿ ಎನ್ನುತ್ತಾರೆ.

ಗಡಗಡಿ: ಬಾವಿಯ ಮೇಲೆ ಕಟ್ಟಿದ ಗಡಗಡಿ ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಭಾರದ ಜೊತೆಗೇ ಮೇಲೇರುವ ಗಡಗಡಿಯಾದರೆ, ಘರ್ಷಣೆ ಬಿಟ್ಟು, ಅರ್ಧ ಬಲ ಸಾಕು. ಆದರೆ ಹಗ್ಗವನ್ನು ಎರಡು ಪಟ್ಟು ಎಳೆಯಬೇಕು.

ಸ್ಲಿಂಗ್: ಕಬ್ಬು ತುಂಬುವ ಮೊದಲು ವಾಹನದ ತಳದಲ್ಲಿ ಹಾಸುವ ತಂತಿಹಗ್ಗ ಅಥವಾ ಸರಪಳಿ. ಇದರ ತುದಿಗಳನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ ಕಬ್ಬನ್ನು ಎತ್ತುತ್ತಾರೆ.

ಸುರಕ್ಷಿತ ಭಾರ: ಒಂದು ಸಾಧನ ಅಪಾಯವಿಲ್ಲದೆ ಹೊರಬಲ್ಲ ಹೆಚ್ಚಿನ ಭಾರ. 1948ರ ಕಾರ್ಖಾನೆಗಳ ಕಾಯ್ದೆಯ 29ನೆಯ ಕಲಮು ಕ್ರೇನಿನಂಥ ಯಂತ್ರವನ್ನೂ, ಸ್ಲಿಂಗ್, ಕೊಕ್ಕೆ, ಶ್ಯಾಕಲ್‌ಗಳಂಥ ಸಲಕರಣೆಯನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಎರಡಕ್ಕೂ 12 ತಿಂಗಳಿಗೊಮ್ಮೆಯಾದರೂ ತಜ್ಞರ ತಪಾಸಣೆ ಆಗಬೇಕೆಂದು ವಿಧಿಸಿತ್ತು. ಈ ಭೇದವೇ ಮುಖ್ಯ. ಕ್ರೇನ್ 5 ಟನ್ನಿನದು ಇದ್ದರೂ ಸ್ಲಿಂಗ್ 2 ಟನ್ನಿನದಾದರೆ ಎತ್ತಬಹುದಾದದ್ದು 2 ಟನ್ನು ಮಾತ್ರ.

ಅದೂ ಸ್ಲಿಂಗಿನ ಕೋನದ ಮೇಲೆ ನಿಂತಿದೆ. 2 ಟನ್ ಭಾರವನ್ನು ಎರಡು ಎಳೆಗಳು ನೆಟ್ಟಗೆ ಹೊತ್ತರೆ ಒಂದೊಂದಕ್ಕೆ 1 ಟನ್. ಎಳೆಗಳು ನೆಲಮಟ್ಟಕ್ಕೆ 45 ಡಿಗ್ರಿ ವಾಲಿದರೆ ಒಂದೊಂದಕ್ಕೆ ಸುಮಾರು 1.4 ಟನ್, 30 ಡಿಗ್ರಿಗೆ ಇಳಿದರೆ ಪೂರ್ತಿ 2 ಟನ್. ಆದ್ದರಿಂದ ಗಿಡ್ಡ ಸ್ಲಿಂಗ್ ಹಾಸಬೇಡಿರಿ. ಎಳೆ ಕಿತ್ತ ತಂತಿಹಗ್ಗವನ್ನು ಗಂಟು ಹಾಕಿ ಬಳಸಲೇಬೇಡಿರಿ.

ಗವ್ಹಾಣ: ಹಂಗಾಮಿನ ಆರಂಭಕ್ಕೆ ನಾವು ಮೋಳಿ ಹಾಕುವ ಜಾಗ. ಮರಾಠಿಯಲ್ಲಿ ಈ ಶಬ್ದಕ್ಕೆ ದನಕ್ಕೆ ಮೇವು ಹಾಕುವ ಗೋದಲಿ ಎಂದರ್ಥ. ಕಾರ್ಖಾನೆಗೆ ಕಬ್ಬೇ ಮೇವಲ್ಲವೆ!

ಟೇರ್: ಖಾಲಿ ವಾಹನದ ತೂಕ. ತುಂಬಿದ ತೂಕ 18.450 ಟನ್, ಟೇರ್ 5.200 ಟನ್ ಇದ್ದರೆ ನಿವ್ವಳ ಕಬ್ಬು 13.250 ಟನ್. ಖಾಲಿ ತೂಕದ ವೇಳೆ ವಾಹನದಲ್ಲಿ ಬೇರೆ ಸ್ಲಿಂಗು, ಸಾಮಾನು ಅಥವಾ ಹೆಚ್ಚಿನ ಜನ ಇದ್ದರೆ ಟೇರ್ ಏರುತ್ತದೆ, ನಿಮ್ಮ ಕಬ್ಬು ಅಷ್ಟು ಕಡಿಮೆಯಾಗುತ್ತದೆ. 50 ಕಿಲೋದ ಸ್ಲಿಂಗು ಉಳಿದರೆ ಅರ್ಧ ಕ್ವಿಂಟಲ್ ಕಬ್ಬು ಹೋದಂತೆಯೇ. ಹೋಗುವಾಗ, ಬರುವಾಗ ವಾಹನದಲ್ಲಿ ಅದೇ ಸಾಮಾನು, ಅಷ್ಟೇ ಜನ ಇರಲಿ. ಪಾವತಿಯ ಮೂರೂ ಅಂಕಿಗಳನ್ನು ಅಲ್ಲಿಯೇ ಓದಿ ನೋಡಿರಿ.

ಕೊನೆಯದಾಗಿ, ಕಬ್ಬು ಮೇಲೆ ತೂಗುತ್ತಿರುವಾಗ ಅದರ ಕೆಳಗೆ ಯಾರೂ ನಿಲ್ಲಕೂಡದು. ಬಿದ್ದ ನಾಲ್ಕು ಗಳ ಆರಿಸಲು ಯಾರೂ ಓಡಕೂಡದು. ಇದನ್ನು ನಿಮ್ಮ ಟೋಳಿಯವರಿಗೂ, ಡ್ರೈವರನಿಗೂ, ಮುಖ್ಯವಾಗಿ ಗಾಡಿಯ ಜೊತೆಗೆ ಬರುವ ಮಕ್ಕಳಿಗೂ ತಿಳಿಸಿ ಹೇಳಿರಿ.